ಕಾಯಿಸಿ ಸೋಸಿದರೂ ಹೋಗದ್ದು

ಭೀಮಾತೀರದ ಹಳ್ಳಿಯೊಂದರಿಂದ ಸೋದರಿಯೊಬ್ಬರು ಬರೆದ ಪತ್ರ ಈ ತಿಂಗಳು ನಮ್ಮ ಕೈಸೇರಿದೆ. ಪತ್ರ ಚಿಕ್ಕದು, ಅದರೊಳಗಿನ ಪ್ರಶ್ನೆ ಚಿಕ್ಕದಲ್ಲ. ಅವರು ಮಗಳನ್ನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿಗೆ ಕೊಟ್ಟಿದ್ದಾರೆ. ಚೊಚ್ಚಲ ಬಾಣಂತನ ಮುಗಿಸಿಕೊಂಡು ಮಗಳು ಕೂಸಿನೊಡನೆ ಅತ್ತೆಯ ಮನೆಗೆ ಹೊರಟು ನಿಂತಾಗ, ಆ ಸೀಮೆಯ ನೆಲದಲ್ಲಿ ಯುರೇನಿಯಂ ಇದೆಯೆಂದೂ ಅದು ನೀರಿಗೆ ಇಳಿಯುತ್ತದೆಯೆಂದೂ ಯಾರೋ ಆಡಿದ ಮಾತು ಇವರ ಕಿವಿಗೆ ಬಿದ್ದಿದೆ. "ಕೂಸಿಗೆ ಕುಡಿಸುವ ನೀರನ್ನು ಚೆನ್ನಾಗಿ ಕುದಿಸಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ತಾಮ್ರದ ಚರಿಗೆಯಲ್ಲಿ ಇಡು ಎಂದು ಹೇಳಿ ಕಳುಹಿಸಿದ್ದೇನೆ. ಇಷ್ಟು ಸಾಕಾಗುವುದೇ?" ಎಂದು ಕೇಳಿದ್ದಾರೆ.

ಸಾಕಾಗುವುದಿಲ್ಲ. ಹೀಗೆ ಹೇಳಲು ಮನಸ್ಸು ಹಿಂಜರಿಯುತ್ತದೆ. ಏಕೆಂದರೆ ಆ ತಾಯಿ ಹೇಳಿಕೊಟ್ಟದ್ದರಲ್ಲಿ ಒಂದಂಶವೂ ತಪ್ಪಿಲ್ಲ. ಕುದಿಸಿದರೆ ವಾಂತಿಭೇದಿಯ ಕ್ರಿಮಿ ಸಾಯುತ್ತದೆ. ತಾಮ್ರದ ಪಾತ್ರೆಯಲ್ಲಿ ರಾತ್ರಿಯೆಲ್ಲ ನಿಂತ ನೀರಿನಲ್ಲಿ ಅನೇಕ ಸೂಕ್ಷ್ಮಜೀವಿಗಳು ಉಳಿಯುವುದಿಲ್ಲ. ಬಟ್ಟೆಯಲ್ಲಿ ಸೋಸುವ ಅಭ್ಯಾಸವಂತೂ ನಾರುಹುಣ್ಣಿನ ರೋಗವನ್ನು ನಮ್ಮ ದೇಶದಿಂದ ಓಡಿಸುವುದರಲ್ಲಿ ದೊಡ್ಡ ಪಾಲು ಪಡೆಯಿತು; 2000ನೆಯ ಇಸವಿಯಲ್ಲಿ ಭಾರತ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಆದರೆ ಯುರೇನಿಯಂ ಕ್ರಿಮಿಯಲ್ಲ, ಕಸವೂ ಅಲ್ಲ. ನೀರಿನಲ್ಲಿ ಉಪ್ಪು ಕರಗುವಂತೆ ಅದು ಕರಗಿರುತ್ತದೆ. ಸಾರು ಒಲೆಯ ಮೇಲೆ ಬತ್ತಿದಷ್ಟೂ ಉಪ್ಪು ಮುಂದಾಗುತ್ತದೆ ಎಂಬುದನ್ನು ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಹಾಗೆಯೇ: ಕುದಿಯುವಾಗ ಹೋಗುವುದು ನೀರು, ಉಳಿಯುವುದು ವಿಷ.

ಇದಕ್ಕಿಂತ ಕಷ್ಟದ ಮಾತೊಂದಿದೆ. ಕೆಟ್ಟ ನೀರನ್ನು ನಮ್ಮ ಹಿರಿಯರು ಕಣ್ಣಿನಿಂದ, ಮೂಗಿನಿಂದ, ನಾಲಗೆಯಿಂದ ಗುರುತಿಸುತ್ತಿದ್ದರು. ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ. ಯುರೇನಿಯಂ, ರೇಡಿಯಂ ಕರಗಿದ ನೀರಾದರೋ ತಿಳಿಯಾಗಿಯೇ ಇರಬಹುದು, ಸಿಹಿಯಾಗಿಯೇ ಇರಬಹುದು. ಅದರಲ್ಲಿ ಬೇಳೆ ಹದವಾಗಿಯೇ ಬೆಂದೀತು. ಲೀಟರಿಗೆ 30 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ 30 ಪಾಲು, ಇದು ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಬಾಧೆಗೊಳಗಾಗುವುದು ಮೂತ್ರಪಿಂಡ. ರೇಡಿಯಂನ ನಡೆ ಬೇರೆ. ದೇಹ ಅದನ್ನು ಸುಣ್ಣದಂಶವೆಂದೇ ಬಗೆದು ಎಲುಬಿನಲ್ಲಿ ಕೂಡಿಡುತ್ತದೆ. ಹೊರಗಿನಿಂದ ಬಂದರೆ ಒಂದು ಹಾಳೆ ಕಾಗದವನ್ನೂ ದಾಟಲಾರದ ಆಲ್ಫಾ ಕಣಗಳು ಎಲುಬಿನೊಳಗೆ ಕುಳಿತು ಹೊರಟರೆ ಅಡ್ಡಿಮಾಡುವವರಿಲ್ಲ. ಬೆಳೆಯುವ ಕೂಸಿನ ಎಲುಬಿಗೆ ಸುಣ್ಣದಂಶದ ಹಸಿವು ಹೆಚ್ಚು. ಆದುದರಿಂದ ಆ ತಾಯಿಯ ಆತಂಕ ವೃಥಾ ಅಲ್ಲ.

ಹಾಗೆಂದು ಹೆದರಿ ಕುಳಿತುಕೊಳ್ಳುವುದೂ ಬೇಡ. ಶಹಾಪುರ ತಾಲೂಕಿನ ಗೋಗಿಯ ಬಳಿ ಯುರೇನಿಯಂ ನಿಕ್ಷೇಪವಿರುವುದು ನಿಜ. ಅದರ ಅಂದಾಜು ತೆಗೆಯಲು ನೆಲವನ್ನು ಕೊರೆದು, ಅನ್ವೇಷಣೆಯ ಗಣಿಯನ್ನೂ ತೋಡಿದ್ದಾರೆ. ಸುತ್ತಲಿನ ಕೆಲವು ಬಾವಿಗಳ ನೀರಿನಲ್ಲಿ ಯುರೇನಿಯಂ ಮಿತಿಮೀರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಆದರೆ ಬಂಡೆಯಲ್ಲಿರುವ ಯುರೇನಿಯಂ ಯಾರೂ ಮುಟ್ಟದಿದ್ದರೂ ಅಷ್ಟಿಷ್ಟು ನೀರಿಗೆ ಇಳಿಯುತ್ತಲೇ ಇರುತ್ತದೆ. ಮಡಕಶಿರದ ನೆರೆಯ ತುಮಕೂರು ಜಿಲ್ಲೆಯಲ್ಲಿ, ಕೋಲಾರದಲ್ಲಿ, ಗಣಿಯೇ ಇಲ್ಲದ ಹಳ್ಳಿಗಳ ಆಳದ ಕೊಳವೆ ಬಾವಿಗಳಲ್ಲಿ ಕೂಡ ಅದು ಕಾಣಿಸಿಕೊಂಡಿದೆ. ನಿಸರ್ಗ ಹನಿಹನಿಯಾಗಿ ಮಾಡುವ ಈ ಕೆಲಸವನ್ನು ಮನುಷ್ಯ ಗಣಿ ತೋಡಿ, ಬಂಡೆಯನ್ನು ಹಿಟ್ಟುಮಾಡಿ, ಆಮ್ಲದಲ್ಲಿ ಕಲಸಿ ಮಾಡತೊಡಗಿದಾಗ ಮಾತು ಬೇರೆಯಾಗುತ್ತದೆ.

ಕೋಲಾರದ ಚಿನ್ನದ ಗಣಿಗಳ ಬಳಿ ‘ಸೈನೈಡ್ ದಿಬ್ಬ’ಗಳನ್ನು ಕಂಡವರಿಗೆ ಇದನ್ನು ಬೇಗ ತಿಳಿಸಬಹುದು. ಚಿನ್ನ ತೆಗೆದ ಮೇಲೆ ಉಳಿದ ಬಂಡೆಯ ಪುಡಿ ಅಲ್ಲಿ ಗುಡ್ಡವಾಗಿ ಬಿದ್ದಿದೆ. ಯುರೇನಿಯಂ ಗಣಿಯಲ್ಲಿಯೂ ಅದೇ ಕಥೆ. ನಮ್ಮ ದೇಶದ ಅದಿರು ತೀರ ಬಡವು. ಸಾವಿರ ಕಿಲೋ ಅದಿರು ಅರೆದರೂ ಒಂದು ಕಿಲೋ ಯುರೇನಿಯಂ ಸಿಗದು. ಮಿಕ್ಕದ್ದೆಲ್ಲ ನೀರಿನೊಡನೆ ಕಲೆತ ರಾಡಿ. ಯುರೇನಿಯಂ ತೆಗೆದುಕೊಂಡ ಮೇಲೆ ರಾಡಿಯಲ್ಲೇನಿದೆ ಎಂದು ಕೇಳಬಹುದು. ಅದಿರಿನಲ್ಲಿದ್ದ ವಿಕಿರಣದ ಸುಮಾರು ನೂರಕ್ಕೆ 85 ಪಾಲು ರಾಡಿಯಲ್ಲಿಯೇ ಉಳಿದುಕೊಳ್ಳುತ್ತದೆ! ಯುರೇನಿಯಂನ ಸಂತತಿಯಾದ ಥೋರಿಯಂ, ರೇಡಿಯಂಗಳನ್ನು ಕೊಳ್ಳುವವರಿಲ್ಲ. ಅವು ರಾಡಿಯೊಡನೆ ಹೋಗುತ್ತವೆ. ಆ ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅದನ್ನು ಹಡೆಯುತ್ತಲೇ ಇರುವ ಥೋರಿಯಂ ಅರ್ಧಕ್ಕಿಳಿಯಲು ಸುಮಾರು 75,000 ವರ್ಷ. ಅದನ್ನು ತಡೆದು ನಿಲ್ಲಿಸುವುದು ಒಂದು ಮಣ್ಣಿನ ಒಡ್ಡು. ಒಡ್ಡಿನ ಆಯುಸ್ಸು ಎಷ್ಟು ವರ್ಷ? ಪ್ರತಿ ಮಳೆಗಾಲದಲ್ಲಿಯೂ ಹೊಲದ ಬದು ಕಟ್ಟುವ ನಮ್ಮ ಒಕ್ಕಲು ಜನಕ್ಕೆ ಇದರ ಉತ್ತರ ಗೊತ್ತಿದೆ.

ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಚರ್ಚ್ ರಾಕ್ ಎಂಬ ಊರಿದೆ. ಅಲ್ಲಿಯ ಜನ ನವಾಹೋ ಬುಡಕಟ್ಟಿನವರು. ಕುರಿ ಕಾಯುವುದು ಅವರ ಮುಖ್ಯ ಜೀವನ. ನಮ್ಮ ಜತ್ತ ಸೀಮೆಯ ಕುರುಬರಂತೆಯೇ ಮಳೆ ಕಡಿಮೆಯ ನೆಲದಲ್ಲಿ ಹಳ್ಳದ ನೀರನ್ನು ನಂಬಿ ಹಿಂಡು ಸಾಕುವವರು. ಅಲ್ಲಿ ಹರಿಯುವ ಹೊಳೆಯ ಹೆಸರು ಪ್ವೆರ್ಕೊ. 1979ರ ಜುಲೈ 16ರ ನಸುಕಿನಲ್ಲಿ ಯುರೇನಿಯಂ ಗಿರಣಿಯ ರಾಡಿಯ ಕೊಳದ ಮಣ್ಣಿನ ಒಡ್ಡು ಸುಮಾರು 20 ಅಡಿ ಅಗಲಕ್ಕೆ ಬಾಯಿಬಿಟ್ಟಿತು. ಒಡ್ಡು ಕಟ್ಟಿ ಹೆಚ್ಚು ವರ್ಷಗಳಾಗಿರಲಿಲ್ಲ. ಅದರಲ್ಲಿ ಬಿರುಕು ಕಂಡದ್ದು ಮಾತ್ರ ಮೊದಲೇ ಗೊತ್ತಿತ್ತು. ಸುಮಾರು 35 ಕೋಟಿ ಲೀಟರ್ ವಿಕಿರಣಯುಕ್ತ ಆಮ್ಲಜಲ, ಅದರೊಡನೆ ಸಾವಿರ ಟನ್ನಿನಷ್ಟು ರಾಡಿ ಹೊಳೆಗೆ ನುಗ್ಗಿದವು. ಗ್ಯಾಲಪ್ ಪಟ್ಟಣವನ್ನು ಹಾದು, ನೆರೆಯ ಅರಿಜೋನಾ ಪ್ರಾಂತವನ್ನು ಹೊಕ್ಕು, ಸುಮಾರು 130 ಕಿಲೋಮೀಟರ್ ಕೆಳಗಿನವರೆಗೆ ಅದರ ಗುರುತು ಸಿಕ್ಕಿತು.

ಅದೇ ವರ್ಷ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಗಿತ್ತು. ಅದನ್ನು ಜಗತ್ತೆಲ್ಲ ಬಲ್ಲುದು. ಮೂರೂವರೆ ತಿಂಗಳ ತರುವಾಯ ಚರ್ಚ್ ರಾಕಿನಲ್ಲಿ ಹೊರಬಿದ್ದ ವಿಕಿರಣ ಅದಕ್ಕಿಂತ ಹೆಚ್ಚಿನದೆಂದು ಹೇಳುವವರಿದ್ದಾರೆ; ಆದರೂ ಇದರ ಹೆಸರು ಕೇಳಿದವರು ವಿರಳ. ತ್ರೀ ಮೈಲ್ ಐಲೆಂಡಿನ ಸುತ್ತ ಪಟ್ಟಣಗಳಿದ್ದವು, ಪತ್ರಿಕೆಗಳಿದ್ದವು. ಪ್ವೆರ್ಕೊದ ದಂಡೆಯಲ್ಲಿ ಕುರಿಗಳಿದ್ದವು.

ಆ ದಿನ ಹೊಳೆಗಿಳಿದವರ ಕಾಲಿನ ಚರ್ಮ ಸುಟ್ಟಿತೆಂದು ವರದಿಗಳಿವೆ. ನೀರಿನ ಹುಳಿ ಅಷ್ಟು ತೀಕ್ಷ್ಣವಾಗಿತ್ತು. ನೀರು ಕೆಟ್ಟಿದೆಯೆಂದು ಅವರಿಗೆ ಹೇಳುವವರು ಯಾರು? ಎಚ್ಚರಿಕೆಯ ಏರ್ಪಾಟೆಲ್ಲ ಇಂಗ್ಲಿಷಿನ ಮೇಲೆ ನಿಂತಿತ್ತು. ಹೊಳೆಯ ದಂಡೆಯ ಬಹುಮಂದಿ ಹಿರಿಯರ ಬಾಯಲ್ಲಿದ್ದುದು ನವಾಹೋ ಭಾಷೆ. ಅವರ ಭಾಷೆಯಲ್ಲಿಯೇ ಹೇಳೋಣವೆಂದರೆ ‘ವಿಕಿರಣ’ ಎಂಬುದಕ್ಕೆ ಅದರಲ್ಲಿ ಮಾತೇ ಇರಲಿಲ್ಲ. ಯುರೇನಿಯಂಗೆ ಅವರು ಇಟ್ಟುಕೊಂಡ ಹೆಸರು ‘ಲೇತ್ಸೊ’, ಹಳದಿ ಮಣ್ಣು. ಅವರ ನೆಲದಿಂದ 1944ರಿಂದ 1986ರವರೆಗೆ ಸುಮಾರು ಮೂರು ಕೋಟಿ ಟನ್ ಅದಿರನ್ನು ಅಗೆದೊಯ್ದವರು, ಆ ಹಳದಿ ಮಣ್ಣು ಏನು ಮಾಡುತ್ತದೆ ಎಂಬುದನ್ನು ಅವರ ಮಾತಿನಲ್ಲಿ ಹೇಳುವ ಶ್ರಮ ತೆಗೆದುಕೊಳ್ಳಲಿಲ್ಲ. ವಿಚಿತ್ರವೆಂದರೆ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೆ ಬಿಡಿಸಲಾಗದ ಗುಪ್ತಲಿಪಿಯನ್ನು ಕಟ್ಟಲು ಅಮೆರಿಕದ ಸೇನೆ ಆರಿಸಿಕೊಂಡದ್ದು ಇದೇ ನವಾಹೋ ಭಾಷೆಯನ್ನು. ಯುದ್ಧನೌಕೆಗೂ ವಿಮಾನಕ್ಕೂ ಆಗ ಆ ಭಾಷೆಯಲ್ಲಿ ಹೊಸ ಮಾತು ಹುಟ್ಟಿಸಿಕೊಂಡಿದ್ದರು. ಬೇಕೆನಿಸಿದಾಗ ಮಾತಿಗೆ ಬಡತನವಿರಲಿಲ್ಲ.

ಗಡಿಯಾಚೆ ಬಾಳುವ ನಮಗೆ ಈ ಸಂಗತಿ ಪರದೇಶದ್ದೆನಿಸುವುದಿಲ್ಲ. ಈ ಅಂಕಣಕಾರ ಕನ್ನಡ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾಗಿನ ಮಾತು. ನಮ್ಮ ಊರ ಹೊರಗಿನ ಬಾವಿಯ ಕಟ್ಟೆಗೆ ಯಾವುದೋ ಕಚೇರಿಯವರು ಒಂದು ತಗಡಿನ ಹಲಗೆ ಬಡಿದು ಹೋಗಿದ್ದರು. ಬಿಸಿಲಿಗೂ ಮಳೆಗೂ ಬರಹವೆಲ್ಲ ಅಳಿಸಿ, ಕೊನೆಯ ಒಂದು ಪದವಷ್ಟೇ ಉಳಿದಿತ್ತು. ನೀರಿಗೆ ಬಂದಿದ್ದ ಸೋದರತ್ತೆ, ನಾಲ್ಕು ಮರಾಠಿ ಅಕ್ಷರ ಕಲಿಯತೊಡಗಿದ್ದ ನನ್ನನ್ನು ಕರೆದು, "ಏನ್ ಬರದಾರೋ ಅದು, ಓದು" ಎಂದಳು. ನಾನು ಕೂಡಿಸಿ ಕೂಡಿಸಿ ಓದಿದೆ: "ಅಯೋಗ್ಯ." ಅತ್ತೆ ನಕ್ಕಳು. "ಯಾರಿಗೋ ಅಯೋಗ್ಯ ಅಂತ ಬೈದು ಬರದಾರ. ಊರ ಜಗಳ ನಮಗ್ಯಾಕ ಬೇಕು? ಕೊಡ ಎತ್ತು" ಎಂದು ನೀರು ತುಂಬಿಕೊಂಡು ನಡೆದಳು. ಕುಡಿಯಲು ಅಯೋಗ್ಯ ಎಂಬ ಬರಹದ ಬಾಲವದು ಎಂದು ಮನೆಮಂದಿಯೆಲ್ಲ ಎಂಟು ದಿನ ಹೊಟ್ಟೆಬೇನೆಯಿಂದ ನರಳಿದ ಮೇಲೆ ತಿಳಿಯಿತು. ಓದಿದವನು ನಾನು ಎಂಬುದನ್ನು ಅತ್ತೆ ಕಡೆಯವರೆಗೂ ಎಲ್ಲರೆದುರು ಹೇಳಿ ನಗುತ್ತಿದ್ದಳು. ನನಗೆ ಮಾತ್ರ ಅದು ಅಷ್ಟು ನಗೆಯ ಸಂಗತಿಯಾಗಿ ಉಳಿಯಲಿಲ್ಲ. ಅದು ಬರೀ ಹೊಟ್ಟೆಯ ಕ್ರಿಮಿ. ಎಂಟು ದಿನಕ್ಕೆ ತಾನೇ ಬಂದು ತನ್ನ ಹೆಸರು ಹೇಳಿತು. ಎಲುಬಿಗಿಳಿಯುವ ವಿಷಕ್ಕೆ ಆ ಪ್ರಾಮಾಣಿಕತೆಯೂ ಇಲ್ಲ.

ಪ್ವೆರ್ಕೊದ ಕಥೆ ಒಡ್ಡಿನೊಡನೆ ಮುಗಿಯುವುದಿಲ್ಲ. ಅದರ ಹೆಚ್ಚು ಕಹಿಯಾದ ಭಾಗ ಒಡ್ಡಿನ ಹಿಂದಿನದು. ಪ್ವೆರ್ಕೊ ಮೂಲತಃ ಮಳೆಗೆ ಹರಿದು ಬೇಸಗೆಗೆ ಒಣಗುವ ಹೊಳೆ. ಗಣಿಗಳು ಬಂದ ಮೇಲೆ ಆಳದಲ್ಲಿ ಒಸರುವ ನೀರನ್ನು ಪಂಪಿನಿಂದ ಎತ್ತಿ ಹೊಳೆಗೆ ಬಿಡತೊಡಗಿದರು. ಒಣ ಹೊಳೆ ವರ್ಷದುದ್ದಕ್ಕೂ ಹರಿಯಿತು. ಬರದ ನಾಡಿನ ಜನ ಅದನ್ನು ಭಾಗ್ಯವೆಂದೇ ಬಗೆದಿದ್ದರೆ ತಪ್ಪೇನು? ಕುರಿಗಳು ಕುಡಿದವು, ಮಕ್ಕಳು ಈಜಿದರು. 1986ರಲ್ಲಿ ಪಂಪುಗಳು ನಿಂತವು. ಹೊಳೆ ಮತ್ತೆ ಒಣಗಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಆಮೇಲೆ ಲೆಕ್ಕ ಹಾಕಿ ನೋಡಿದಾಗ, ಒಡ್ಡು ಒಡೆದಾಗ ಹೊಳೆ ಸೇರಿದ ಯುರೇನಿಯಂ ಸುಮಾರು ಒಂದೂವರೆ ಟನ್, ಗಣಿಯ ನೀರಿನೊಡನೆ ಎರಡು ದಶಕಗಳ ಕಾಲ ಸದ್ದಿಲ್ಲದೆ ಸೇರಿದ ಯುರೇನಿಯಂ ಸುಮಾರು 560 ಟನ್ ಎಂದು ತಿಳಿದುಬಂತು. ಆ ಒಂದೂವರೆ ಟನ್ನಿಗೆ ತಾರೀಖು ಇದೆ, ಗಂಟೆಯೂ ಇದೆ. 560 ಟನ್ನಿಗೆ ಯಾವ ತಾರೀಖೂ ಇಲ್ಲ. ಹೊಳೆ ತುಂಬಿ ಹರಿಯುವುದನ್ನು ಅಪಘಾತವೆಂದು ಯಾರು ತಿಳಿದಾರು?

ಉಳಿದುದನ್ನು ಬೇಗ ಹೇಳಬಹುದು. ಈ ಪ್ರದೇಶವನ್ನು ವಿಪತ್ತಿಗೀಡಾದ ಪ್ರದೇಶವೆಂದು ಸಾರಿರೆಂದು ನವಾಹೋ ಜನ ಕೇಳಿಕೊಂಡರು. ಪ್ರಾಂತದ ಗವರ್ನರ್ ಒಪ್ಪಲಿಲ್ಲ. ಗಿರಣಿ ಐದು ತಿಂಗಳು ತುಂಬುವ ಮೊದಲೇ ಮತ್ತೆ ತಿರುಗಿತು. 1982ರಲ್ಲಿ ನಿಂತದ್ದು ಯುರೇನಿಯಂನ ಬೆಲೆ ಕುಸಿದುದರಿಂದ. ದಾವೆ ಹೂಡಿದ ಜನಕ್ಕೆ 1985ರಲ್ಲಿ ರಾಜಿಯಲ್ಲಿ ದೊರೆತದ್ದು ಎಲ್ಲರಿಗೂ ಕೂಡಿ 5,25,000 ಡಾಲರ್. ಆ ನೆಲವನ್ನು ಶುದ್ಧಿಗೊಳಿಸುವ ಕೆಲಸ ಇಂದಿಗೂ ಪೂರ್ತಿಯಾಗಿಲ್ಲ.

ಭಾಷೆಯ ಅಡ್ಡಿಯೇ ಎಲ್ಲಕ್ಕೂ ಕಾರಣವೆಂದು ನಾವು ವಾದಿಸುತ್ತಿಲ್ಲ. ರಷ್ಯದ ಉರಾಲ್ ಸೀಮೆಯ ತೇಚಾ ನದಿಗೆ 1949ರಿಂದ 1956ರವರೆಗೆ ಮಾಯಾಕ್ ಬಾಂಬು ಕಾರ್ಖಾನೆಯವರು 7.6 ಕೋಟಿ ಘನ ಮೀಟರಿನಷ್ಟು ವಿಕಿರಣಯುಕ್ತ ಕೊಳೆನೀರು ಬಿಟ್ಟರು. ದಂಡೆಗೆ ಬೇಲಿ ಹಾಕಿದರು, ಕಾವಲುಗಾರರನ್ನು ನಿಲ್ಲಿಸಿದರು, ಅನೇಕ ಹಳ್ಳಿಗಳನ್ನು ಎತ್ತಿಸಿದರು. ಕಾರಣವನ್ನು ಮಾತ್ರ ಯಾವ ಭಾಷೆಯಲ್ಲಿಯೂ ಹೇಳಲಿಲ್ಲ. ಅಲ್ಲಿದ್ದುದು ಭಾಷೆಯ ಅಡ್ಡಿಯಲ್ಲ, ಬೇಕೆಂದೇ ಹಾಕಿದ ಬೀಗ. ಆದರೂ ಆ ದಂಡೆಯಲ್ಲಿ ಬಹುಕಾಲ ಉಳಿದುಕೊಂಡವರು ಹೆಚ್ಚಾಗಿ ತಾತಾರರು, ಬಷ್ಕಿರರು, ಅಂದರೆ ಆ ದೊಡ್ಡ ದೇಶದಲ್ಲಿ ಸಣ್ಣ ನುಡಿಯನ್ನಾಡುವವರು ಎಂಬುದನ್ನು ಓದಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸ ಮೊದಲು ನಡೆದದ್ದು ಜಾರ್ಖಂಡದ ಜಾದುಗುಡದಲ್ಲಿ. 1967ರಿಂದ ಅಲ್ಲಿ ಯುರೇನಿಯಂ ತೆಗೆಯುತ್ತಾರೆ. ಸುತ್ತಲೂ ಸಂತಾಲ ಮತ್ತು ಹೋ ಜನರ ಹಳ್ಳಿಗಳು. ಗುಡ್ಡಗಳ ನಡುವಿನ ಕಣಿವೆಗಳಲ್ಲಿ ರಾಡಿಯ ಕೊಳಗಳು. ಹಳ್ಳಗಳೆಲ್ಲ ಹೋಗಿ ಸೇರುವುದು ಸುವರ್ಣರೇಖಾ ನದಿಯನ್ನು. ಮರಳನ್ನು ಜಾಲಿಸಿ ಚಿನ್ನದ ಕಣ ಹೆಕ್ಕುವವರು ಇರುವುದರಿಂದ ಆ ನದಿಗೆ ಆ ಹೆಸರು. 2006ರ ಡಿಸೆಂಬರ್ 24ರಂದು ರಾಡಿ ಸಾಗಿಸುವ ಕೊಳವೆಯೊಂದು ಒಡೆದು ಹಳ್ಳಕ್ಕೆ ಸುರಿಯಿತು. ಗಂಟೆಗಟ್ಟಲೆ ಸುರಿದ ಮೇಲೆ ಹರಿವು ನಿಂತಿತು. ಮೀನು, ಕಪ್ಪೆಗಳು ಸತ್ತು ತೇಲಿದವು. ಒಡೆದದ್ದನ್ನು ಕಂಡು ಸುದ್ದಿ ಮುಟ್ಟಿಸಿದವರು ಹಳ್ಳಿಯವರೇ ಎಂದು ಆಗಿನ ವರದಿಗಳು ಹೇಳುತ್ತವೆ. ಪ್ವೆರ್ಕೊದಲ್ಲಿ ಕಾರ್ಖಾನೆಗೆ ಗೊತ್ತಿದ್ದು ಜನಕ್ಕೆ ತಿಳಿಯಲಿಲ್ಲ. ಇಲ್ಲಿ ಜನವೇ ಕಾರ್ಖಾನೆಗೆ ಹೇಳಬೇಕಾಯಿತು. ಗಣಿಯಿಂದ ಜನರ ಆರೋಗ್ಯ ಕೆಟ್ಟಿದೆಯೆಂಬುದನ್ನು ಗಣಿ ನಡೆಸುವ ಸರ್ಕಾರಿ ನಿಗಮ ಒಪ್ಪುವುದಿಲ್ಲ. ಅಲ್ಲಿಯ ರೋಗಗಳಿಗೆ ಬಡತನ ಮತ್ತು ಅಪೌಷ್ಟಿಕತೆ ಕಾರಣವೆನ್ನುತ್ತದೆ. ಹಳ್ಳಿಯವರು ತಮ್ಮ ಅಂಗವಿಕಲ ಮಕ್ಕಳನ್ನು ತೋರಿಸುತ್ತಾರೆ. ಈ ವಾದದ ತೀರ್ಪು ಕೊಡುವ ಶಾಸ್ತ್ರಜ್ಞಾನ ನಮಗಿಲ್ಲ. ಅಳತೆಯ ಯಂತ್ರ ಒಂದು ಕಡೆಯವರ ಕೈಯಲ್ಲಿಯೇ ಇರುವಾಗ ಇನ್ನೊಂದು ಕಡೆಯವರಿಗೆ ನಂಬಿಕೆ ಹುಟ್ಟುವುದು ಕಷ್ಟ ಎಂದಷ್ಟೇ ಹೇಳಬಲ್ಲೆವು. ಆಂಧ್ರದ ಕಡಪಾ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿಯೂ ಇದೇ ಮಾತು ನಡೆದಿದೆ. ರಾಡಿಯ ಕೊಳದ ಸುತ್ತಲಿನ ರೈತರು ತಮ್ಮ ಕೊಳವೆ ಬಾವಿಗಳು ಕೆಟ್ಟುವು, ಬಾಳೆಯ ತೋಟ ಒಣಗಿತು ಎಂದು ದೂರು ಕೊಟ್ಟಿದ್ದಾರೆ. ರಾಯದುರ್ಗ, ಮಡಕಶಿರಗಳ ನಮ್ಮ ಓದುಗರಿಗೆ ಅದು ಪಕ್ಕದ ಸೀಮೆ.

ಹೇಳುವ ಹೊಣೆ ಯಾರದು ಎಂಬುದಕ್ಕೆ ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ದೊಡ್ಡ ಗಣಿ ತೆರೆಯುವ ಮೊದಲು ಊರವರನ್ನು ಕೂಡಿಸಿ, ಯೋಜನೆಯನ್ನು ವಿವರಿಸಿ, ಅವರ ಮಾತನ್ನು ಬರೆದುಕೊಂಡು, ಬರೆದುದನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕೆಂದು 2006ರ ಪರಿಸರ ಪರಿಣಾಮ ಅಧಿಸೂಚನೆ ವಿಧಿಸಿತ್ತು. 2020ರಲ್ಲಿ ಅದನ್ನು ತಿದ್ದುವ ಕರಡು ಬಂದಾಗ, ಅದು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಇದ್ದುದನ್ನು ಆಕ್ಷೇಪಿಸಿ ಒಬ್ಬರು ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅದನ್ನು ಅನುವಾದಿಸಬೇಕೆಂದು ಜೂನ್ 30ರಂದು ನ್ಯಾಯಾಲಯ ಆಜ್ಞೆ ಮಾಡಿತು. ಕೇಂದ್ರ ಸರ್ಕಾರ ಅದನ್ನು ವಿರೋಧಿಸಿತು. 2025ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯ, ಪರಮಾಣು ಖನಿಜಗಳ ಗಣಿಗಳನ್ನು ಸಾರ್ವಜನಿಕ ವಿಚಾರಣೆಯಿಂದಲೇ ಬಿಡುಗಡೆ ಮಾಡಿತು. ದೇಶದ ರಕ್ಷಣೆಗೆ ಇದು ಅಗತ್ಯವೆಂಬುದು ಅದರ ಸಮರ್ಥನೆ. ದೇಶಕ್ಕೆ ಯುರೇನಿಯಂ ಬೇಡವೆನ್ನುವವರಲ್ಲ ನಾವು. ಆದರೆ ಯಾವ ಗಣಿಯ ರಾಡಿ 75,000 ವರ್ಷದ ಲೆಕ್ಕದಲ್ಲಿ ಬಾಳುತ್ತದೆಯೋ ಆ ಗಣಿಯ ವಿಷಯದಲ್ಲಿಯೇ ಊರವರನ್ನು ಒಂದು ದಿನ ಕೂಡಿಸಿ ಕೇಳಲು ಸಮಯವಿಲ್ಲವೆಂದರೆ ಹೇಗೆ?

ಇನ್ನು ನಮ್ಮ ಸೋದರಿಗೆ ಉತ್ತರ. ಮಗಳಿಗೆ ಹೀಗೆ ಹೇಳಿ ಕಳುಹಿಸಿರಿ: ಕುದಿಸುವುದನ್ನೂ ಸೋಸುವುದನ್ನೂ ಬಿಡಬೇಡ, ಅವು ಕ್ರಿಮಿಗೆ. ಯುರೇನಿಯಂಗೆ ಬೇಕಾದದ್ದು ಬೇರೆ. ಮೊದಲು, ಮನೆಗೆ ಬರುವ ನೀರು ಯಾವುದು, ಹೊಳೆಯದೋ ಆಳದ ಕೊಳವೆ ಬಾವಿಯದೋ ಎಂದು ಕೇಳಿ ತಿಳಿ. ಕೊಳವೆ ಬಾವಿಯದಾದರೆ ಅದರ ಪರೀಕ್ಷೆಯ ವರದಿಯನ್ನು ಪಂಚಾಯಿತಿಯಲ್ಲಿ ಕೇಳು. ಪಂಚಾಯಿತಿಯ ಪರೀಕ್ಷಾ ಪೆಟ್ಟಿಗೆ ಫ್ಲೋರೈಡು, ನೈಟ್ರೇಟುಗಳನ್ನು ಹೇಳುತ್ತದೆ, ಯುರೇನಿಯಂ ಹೇಳುವುದಿಲ್ಲ. ಅದನ್ನು ಹೆಸರು ಹಿಡಿದೇ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು. ಉತ್ತರ ಬರುವವರೆಗೆ ಕೂಸಿಗೆ ಆರ್.ಓ. ಯಂತ್ರವಿರುವ ಶುದ್ಧ ನೀರಿನ ಘಟಕದಿಂದ ತಂದ ನೀರು ಒಳ್ಳೆಯದು. ಆ ಯಂತ್ರ ಯುರೇನಿಯಂ, ರೇಡಿಯಂಗಳ ಬಹುಭಾಗವನ್ನು ತಡೆಯುತ್ತದೆ. ಯಂತ್ರ ಹೊರಹಾಕುವ ನೀರನ್ನು ಮಾತ್ರ ದನಕ್ಕೆ ಇಡಬಾರದು, ಹಿತ್ತಲಿನ ಸೊಪ್ಪಿಗೂ ಹನಿಸಬಾರದು. ತಡೆದದ್ದೆಲ್ಲ ಅದರಲ್ಲಿಯೇ ಕೂಡಿರುತ್ತದೆ.

ಮಗಳ ಊರಿನಲ್ಲಿ ಅರ್ಜಿ ಕನ್ನಡದಲ್ಲಿ ಬರೆದರೆ ಯಾರೂ ಬೇಡವೆನ್ನರು. ಆದರೆ ಕನ್ನಡ ನಾಡಿನಲ್ಲಿಯೂ ನೀರಿನ ಅಧ್ಯಯನಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತವೆಯಾದ್ದರಿಂದ, ಉತ್ತರವೂ ಕನ್ನಡದಲ್ಲಿ ಬೇಕೆಂದು ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಲಿ. ನಿಮ್ಮ ಹಳ್ಳಿಯ ನೀರಿನ ವಿಷಯವಾಗಿ ನೀವು ಬರೆಯುವುದಾದರೆ ಮರಾಠಿ ಬಾರದೆಂದು ಹಿಂಜರಿಯಬೇಡಿರಿ. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಅದೇ ಭಾಷೆಯಲ್ಲಿ ಉತ್ತರ ಕೊಡಬೇಕೆಂದು ಆ ವಿಧಿ ಹೇಳುವುದಿಲ್ಲ ಎಂಬುದೂ ನಿಮಗೆ ತಿಳಿದಿರಲಿ.

ಭೀಮೆ ನಮ್ಮ ಅಕ್ಕಲಕೋಟೆಯ ಅಂಚನ್ನು ತೊಳೆದು ಯಾದಗಿರಿಯ ಕಡೆಗೆ ಇಳಿಯುತ್ತಾಳೆ. ನಮ್ಮ ಹೆಣ್ಣುಮಕ್ಕಳೂ ಅದೇ ದಾರಿಯಲ್ಲಿ ಹೋಗಿದ್ದಾರೆ. ಆದುದರಿಂದ ಈ ಉತ್ತರವನ್ನು ಪತ್ರ ಬರೆದ ಒಬ್ಬರಿಗೇ ಕಳುಹಿಸದೆ ಇಲ್ಲಿ ಅಚ್ಚುಹಾಕಿದ್ದೇವೆ. ಮಗಳ ಅರ್ಜಿಗೆ ವರದಿ ಬಂದರೆ, ಬಂದ ಭಾಷೆ ಯಾವುದಾದರೂ ಸರಿ, ಅದರ ಪ್ರತಿಯನ್ನು ನಮಗೂ ಕಳುಹಿಸಿರಿ. ಅದರೊಳಗಿನ ಅಂಕಿಗಳನ್ನು ಕನ್ನಡದಲ್ಲಿ ಬಿಡಿಸಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.